ಕರೆದರೆ ತಿರುಗದ ಗೌರಿ

ನನ್ನ ಮಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದು ನಾನು ಸುಮಾರು ನಾಲ್ಕು ತಿಂಗಳು ನಂಬಿಕೊಂಡಿದ್ದೆ. ಯಾರ ಹತ್ತಿರವೂ ಹೇಳಿರಲಿಲ್ಲ. ಒಂದೂವರೆ ವರ್ಷವೂ ತುಂಬದ ಕೂಸು ಹಡೆದ ತಾಯಿಯ ಮೇಲೆ ಸಿಟ್ಟು ಇಟ್ಟುಕೊಂಡಿದೆ ಎಂದರೆ ಕೇಳಿದವರು ನಗುತ್ತಾರೆ, ಇಲ್ಲವೇ ನನ್ನನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಆದರೆ ಸಂಜೆ ಆಫೀಸಿನಿಂದ ಬಂದು, ಚಪ್ಪಲಿ ಬಿಡುತ್ತ "ಗೌರವ್ವಾ" ಎಂದು ಕರೆದರೆ ಅವಳು ತಿರುಗುತ್ತಿರಲಿಲ್ಲ. ನನಗೆ ಬೆನ್ನು ಹಾಕಿ ಕೂತು, ಡಬ್ಬಿಯ ಮುಚ್ಚಳ ತೆಗೆಯುವುದು ಹಾಕುವುದು ಮುಂದುವರಿಸುತ್ತಿದ್ದಳು. ಅದೇ ಅವರಪ್ಪ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಸಾಕು, ಡಬ್ಬಿ ಬಿಸಾಕಿ ಓಡುತ್ತಿದ್ದಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ.

ಈಗ ಅದೆಲ್ಲ ಮುಗಿದಿದೆ. ಗೌರಿಗೆ ಎರಡು ವರ್ಷ ದಾಟಿದೆ. ಕಿವಿ ಸೋರುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಯಾವುದಾದರೂ ದವಾಖಾನೆಯ ಬೆಂಚಿನ ಮೇಲೆ ಕೂತಿರುವ ತಾಯಿ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಔಷಧದ ವಿಷಯ ನಿಮ್ಮ ಡಾಕ್ಟರು ಹೇಳುತ್ತಾರೆ. ನಾನು ಹೇಳುವುದು ನಮ್ಮ ಮನೆಯಲ್ಲಿ ನಾವು, ಅದರಲ್ಲೂ ನಾನು, ಮಾಡಿದ ಜಾಣತನದ ಕಥೆ.

ನಮ್ಮದು ಪುಣೆಯ ಬಿಬವೇವಾಡಿಯಲ್ಲಿ ಮೂರನೆಯ ಅಂತಸ್ತಿನ ಮನೆ. ನಾನು ಧಾರವಾಡದವಳು, ಇಲ್ಲಿ ಒಂದು ಆಫೀಸಿನಲ್ಲಿ ಕಟ್ಟಡಗಳ ನಕಾಶೆ ತೆಗೆಯುತ್ತೇನೆ. ನನ್ನ ಧ್ವನಿ ಬಹಳ ಸಣ್ಣದು. "ನಮ್ಮ ಅಶ್ವಿನಿ ಮಾತಾಡಿದ್ರ ಇರವಿಗೂ ಕೇಳಂಗಿಲ್ಲ" ಎಂದು ನಮ್ಮಪ್ಪ ಚೇಷ್ಟೆ ಮಾಡುತ್ತಿದ್ದರು. ಗಂಡ ಗಿರೀಶ ರಾಂಜಣಗಾಂವದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದಾರೆ. ದಿನವಿಡೀ ಪ್ರೆಸ್ ಮಶೀನುಗಳ ನಡುವೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳ ತೆಗೆದ ಹಾಗೆ ಕೇಳಿಸುತ್ತದೆ. ಅತ್ತೆ ಬೆಳಗಾವಿ ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಅವರ ಟಿವಿಯ ಧಾರಾವಾಹಿ ಜಿನೆಯ ಮೆಟ್ಟಿಲು ಹತ್ತುವಾಗಲೇ ಕೇಳುತ್ತದೆ. ಅವರಿಗೆ ಮೊಣಕಾಲು ನೋವು, ಓಡಾಡುವ ಕೂಸಿನ ಹಿಂದೆ ಓಡಲು ಆಗುವುದಿಲ್ಲ. ಹಾಗಾಗಿ ಗೌರಿಯನ್ನು ನೋಡಿಕೊಳ್ಳಲು ಲತಾ ಮಾವಶಿ ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಅವರು ಭೋರ್ ಹತ್ತಿರದ ಹಳ್ಳಿಯವರು, ಮರಾಠಿ ಬಿಟ್ಟು ಬೇರೆ ಭಾಷೆ ಬಾರದು.

ಮೊದಲ ಸಲ ಕಿವಿಗೆ ಸೋಂಕು ಬಂದಾಗ ಗೌರಿಗೆ ಒಂಬತ್ತು ತಿಂಗಳು. ಭಾನುವಾರ ಮಧ್ಯಾಹ್ನ, ಜ್ವರ, ಒಂದೇ ಸಮನೆ ಅಳು. ಎತ್ತಿಕೊಂಡರೆ ಸ್ವಲ್ಪ ಕಡಿಮೆ, ಮಲಗಿಸಿದರೆ ಚೀರಾಟ. ಹಲ್ಲು ಬರುತ್ತಿರಬೇಕು ಎಂದುಕೊಂಡೆವು. ಸಂಜೆಗೆ ಅವಳ ದುಪ್ಪಟಿಯ ಮೇಲೆ ಹಳದಿ ಕಲೆ ಕಂಡಿತು. ಕಿವಿ ಸೋರಿತ್ತು. ಡಾಕ್ಟರು ಗುಲಾಬಿ ಬಣ್ಣದ ಔಷಧ ಕೊಟ್ಟರು, ನಾಲ್ಕು ದಿನದಲ್ಲಿ ಕೂಸು ನಗತೊಡಗಿತು. ಮುಗಿಯಿತು ಎಂದುಕೊಂಡೆವು. ತಿಂಗಳೊಳಗೆ ಮತ್ತೆ ಬಂತು. ಆಮೇಲೆ ಮತ್ತೆ. ಹದಿನೈದನೆಯ ತಿಂಗಳಿಗೆ ನಾಲ್ಕು ಸಲ ಆಗಿತ್ತು, ಅವಳ ಒಂದು ಅಂಗಿಯೂ ಗುಲಾಬಿ ಕಲೆ ಇಲ್ಲದೆ ಉಳಿದಿರಲಿಲ್ಲ.

ಆ ಮಕ್ಕಳ ದವಾಖಾನೆಯ ಕಾಯುವ ಕೋಣೆಯನ್ನು ಈಗಲೂ ಕಣ್ಣು ಮುಚ್ಚಿ ನಕಾಶೆ ತೆಗೆಯಬಲ್ಲೆ. ಎಡಗಡೆ ಮೀನಿನ ತೊಟ್ಟಿ, ಬಲಗಡೆ ತೂಕದ ಮಶೀನು, ಮೂಲೆಯಲ್ಲಿ ಒಂದು ಚಕ್ರ ಕಳೆದುಕೊಂಡ ಆಟದ ಕಾರು. ಕಂಪೌಂಡರಮ್ಮ ಗೌರಿಯನ್ನು ಕಂಡ ಕೂಡಲೇ ಕೈಗವಸಿನ ಖಾಲಿ ಡಬ್ಬಿಯೊಂದನ್ನು ಅವಳಿಗೆ ಕೊಡುತ್ತಿದ್ದರು. ಪ್ರತಿ ಸಲವೂ ಒಂದು ಡಬ್ಬಿ ಎತ್ತಿಟ್ಟಿರುತ್ತಿದ್ದರು. ಕಿವಿಯೊಳಗೆ ಟಾರ್ಚು ಹಾಕುವಾಗ ನಾನು ಅವಳ ತಲೆಯನ್ನು ಒತ್ತಿ ಹಿಡಿಯಬೇಕಿತ್ತು. ಅವಳು ಅಳುತ್ತ ನನ್ನನ್ನೇ ನೋಡುತ್ತಿದ್ದಳು. ಬಹುಶಃ ಅದಕ್ಕೇ ನನ್ನ ಮೇಲೆ ಸಿಟ್ಟು ಎಂದು ಲೆಕ್ಕ ಹಾಕಿದ್ದೆ.

ಧಾರವಾಡದಿಂದ ಅವ್ವ ಫೋನು ಮಾಡಿ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರಡು ಹನಿ ಬಿಡಲು ಹೇಳಿದಳು. ಅತ್ತೆಯೂ ಅದನ್ನೇ ಹೇಳುತ್ತಾರೆ ಎಂದು ನಾನು ಜಗಳಕ್ಕೆ ತಯಾರಾಗಿಯೇ ಇದ್ದೆ. ಅತ್ತೆ ಮಾತ್ರ, "ಕಿವಿಯಾಗ ಏನೂ ಹಾಕೂದು ಬ್ಯಾಡ. ಕಿವಿ ಒಮ್ಮೆ ಹೋತಂದ್ರ ಬರಂಗಿಲ್ಲ" ಎಂದು ಒಳಗೆ ಹೋದರು. ಜಳಕದ ನಂತರ ಕೂಸಿಗೆ ಲೋಬಾನದ ಹೊಗೆ ಹಾಕುವುದನ್ನು ಡಾಕ್ಟರು ನಿಲ್ಲಿಸಿ ಅಂದಾಗಲೂ ಮರುಮಾತಿಲ್ಲದೆ ಅಗ್ಗಿಷ್ಟಿಕೆಯನ್ನು ಅಟ್ಟಕ್ಕೆ ಏರಿಸಿದರು. ಮಲಗಿಸಿ ಬಾಟಲಿಯಲ್ಲಿ ಹಾಲು ಕುಡಿಸುವುದು ನನ್ನ ತಪ್ಪಾಗಿತ್ತು, ಅದನ್ನು ನಾನು ಬಿಟ್ಟೆ. ಆದರೂ ಕಿವಿ ಸೋರುವುದು ಬಿಡಲಿಲ್ಲ.

ಈ ಗದ್ದಲದಲ್ಲಿ ಇನ್ನೊಂದು ವಿಷಯ ನಿಧಾನಕ್ಕೆ ಕಾಣತೊಡಗಿತು. ಗೌರಿ ಒಂದು ಮಾತೂ ಆಡುತ್ತಿರಲಿಲ್ಲ. ಎದುರು ಮನೆಯ ಅವಳ ವಾರಿಗೆಯ ಹುಡುಗಿ ಬೆಕ್ಕನ್ನು, ಚಂದಿರನನ್ನು, ಅಜ್ಜನನ್ನು ಕರೆಯುತ್ತಿದ್ದಳು. ನಮ್ಮವಳು ಬೆರಳು ತೋರಿಸಿ "ಉಂ" ಎನ್ನುತ್ತಿದ್ದಳು, ಅಷ್ಟೇ. ಸೊಸೈಟಿಯ ಹೆಂಗಸರು ಸಮಾಧಾನ ಹೇಳಿದರು. ಮನೆಯಲ್ಲಿ ಕನ್ನಡ, ಮಾವಶಿಯದು ಮರಾಠಿ, ಟಿವಿಯದು ಹಿಂದಿ, ಪಾಪ ಕೂಸಿಗೆ ಗೊಂದಲ, ಮೂರು ಭಾಷೆಯ ಮನೆಯಲ್ಲಿ ಮಾತು ತಡ ಎಂದರು. ನನಗೆ ಅದು ಸರಿ ಎನಿಸಿತು. ಎನಿಸಿದ್ದಷ್ಟೇ ಅಲ್ಲ, ಒಳಗೊಳಗೆ ಖುಷಿಯೂ ಆಯಿತು. ನಾನು ಕನ್ನಡ ಶಾಲೆಯ ಮಾಸ್ತರರ ಮಗಳು, ನನ್ನ ಮಗಳು ಮೊದಲ ಮಾತನ್ನು ಕನ್ನಡದಲ್ಲೇ ಆಡಬೇಕು ಎಂಬ ಹಟ ನನಗೆ ಮೊದಲಿನಿಂದಲೂ ಇತ್ತು. ಈಗ ಒಂದು ನೆಪವೂ ಸಿಕ್ಕಿತು.

ಮರುದಿನವೇ ಮನೆಯಲ್ಲಿ ಕಾಯಿದೆ ಜಾರಿಗೆ ಬಂತು. ಗೌರಿಯ ಜೊತೆ ಯಾರೇ ಆಗಲಿ ಕನ್ನಡದಲ್ಲೇ ಮಾತಾಡಬೇಕು. ಮಾವಶಿಗೂ ಹೇಳಿದೆ. ಅವರು ಕೈಯಲ್ಲಿದ್ದ ಒಗೆದ ಬಟ್ಟೆ ಕೆಳಗಿಟ್ಟು, "ಮಲಾ ತುಮಚೀ ಭಾಷಾ ಯೇತ ನಾಹೀ, ತಾಈ. ಗಪ್ಪ ಬಸೂ ಕಾ?" ಎಂದರು. ನಿಮ್ಮ ಭಾಷೆ ನನಗೆ ಬಾರದು, ಸುಮ್ಮನೆ ಕೂತಿರಲೇ ಎಂದು. ನಾನು ಸ್ವಲ್ಪ ದಿನ ಹಾಗೇ ಮಾಡಿ ಎಂದೆ.

ಮಾವಶಿ ಅಲ್ಲಿಯವರೆಗೆ ಬಾಯಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಬಟಾಣಿ ಸುಲಿಯುವಾಗ ಪ್ರತಿ ಬಟಾಣಿಯ ಸಮಾಚಾರವನ್ನೂ ಕೂಸಿಗೆ ಹೇಳುತ್ತಿದ್ದರು. ಹೊಲದ ಆ ದಂಡೆಯವರನ್ನು ಕರೆಯುವಂಥ ಧ್ವನಿ ಅವರದು. ಆ ಧ್ವನಿ ನಿಂತುಹೋಯಿತು. ನಾನು ಆಫೀಸಿನಿಂದ ಬಂದಾಗ ಇಬ್ಬರೂ ಎದುರುಬದುರು ಕೂತು ಸುಮ್ಮನೆ ಡಬ್ಬಿಯ ಆಟ ಆಡುತ್ತಿರುತ್ತಿದ್ದರು. ಎರಡು ತಿಂಗಳು ಹೀಗೆ ನಡೆಯಿತು. ನನಗೆ ನನ್ನ ಕಾಯಿದೆಯ ಬಗ್ಗೆ ಹೆಮ್ಮೆ ಇತ್ತು. ಗೌರಿ ಮಾತ್ರ ಕನ್ನಡದಲ್ಲೂ "ಉಂ" ಎಂದೇ ಅನ್ನುತ್ತಿದ್ದಳು.

ಒಂದು ರವಿವಾರ ಬೆಳಿಗ್ಗೆ ಅವಳಿಗೆ ಉಣಿಸಲು ಅನ್ನ ಕಲಸಿಕೊಂಡು ಬಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕರೆದೆ. ಐದು ಸಲ ಕರೆದೆ. ಬೆನ್ನು ಅಲುಗಲಿಲ್ಲ. ನಾಲ್ಕು ತಿಂಗಳ ದುಃಖ ಒಮ್ಮೆಗೇ ಉಕ್ಕಿ, ತಟ್ಟೆಯನ್ನು ನೆಲಕ್ಕೆ ಕುಕ್ಕಿ, "ಕಿವುಡರ ಮುಂದ ಕಿನ್ನರಿ ಬಾರಿಸಿಧಂಗ ಆಗೇದ ನನ್ನ ಬಾಳೇವು" ಎಂದುಬಿಟ್ಟೆ. ಎದುರಿಗೆ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕೈ ನಿಂತಿತು.

"ಅಶ್ವಿನಿ, ಇಲ್ಲಿ ಬಾ, ಕೂಡು" ಎಂದರು. ಕೂತೆ. "ಆಕಿನ್ನ ಬೈಬ್ಯಾಡವಾ. ಕಿವುಡಿ ಅಂದ್ಯಲ್ಲ, ಖರೇನ ಇರಬೇಕು."

"ನಾ ಹಂಗ ಅಂದಿದ್ದಲ್ರಿ ಅತ್ತ್ಯಾರ, ಸಿಟ್ಟಿನಾಗ..."

"ನೀ ಸಿಟ್ಟಿನಾಗ ಅಂದಿ, ನಾ ನೋಡಿ ಹೇಳ್ತೀನಿ. ನನ್ನ ಎಡಗಿವಿ ಪೂರಾ ಹೋಗೇದ. ಬಲಗಿವಿ ಅರ್ಧಾ. ಆರು ವರ್ಷ ಆತು. ನಿಮಗ್ಯಾರಿಗೂ ಹೇಳಿಲ್ಲ. ನಿಮ್ಮ ಬಾಯಿ ನೋಡಿ ತಿಳಕೋತೀನಿ. ತಿಳೀಲಿಲ್ಲಂದ್ರ ನಕ್ಕು ಹೂಂ ಅಂತೀನಿ. ಈ ಕೂಸೂ ಅದನ್ನ ಮಾಡ್ತದ. ನಿನ್ನ ಮಾರಿ ಕಂಡ್ರ ಹೆಂಗ ನಗತಾಳ ನೋಡು. ಮಾರಿ ಕಾಣಲಿಲ್ಲಂದ್ರ ಆಕಿ ಪಾಲಿಗೆ ನೀ ಮನ್ಯಾಗ ಇಲ್ಲ. ಇದು ನನ್ನ ಆಟ, ನನಗ ಗೊತ್ತಾಗಂಗಿಲ್ಲೇನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಅಲ್ಲಿ, ಆ ಮೆಂತ್ಯದ ಕಡ್ಡಿಗಳ ನಡುವೆ ಬಿದ್ದಿತ್ತು. ಎತ್ತಿಕೊಳ್ಳುವ ಹಾಗಿರಲಿಲ್ಲ. ಇಷ್ಟು ವರ್ಷ ನಾನು ಕೇಳಿದ್ದಕ್ಕೆಲ್ಲ ಅತ್ತೆ ನಕ್ಕು ಹೂಂ ಅಂದಿದ್ದು ನೆನಪಾಯಿತು. ನನ್ನ ಸಣ್ಣ ಧ್ವನಿ ಅವರನ್ನು ಎಷ್ಟು ದಣಿಸಿರಬೇಕು ಎನಿಸಿ ನಾಚಿಕೆಯಾಯಿತು.

ಅತ್ತೆ ಸೊಸೆ ಸೇರಿ ಪರೀಕ್ಷೆ ಮಾಡಿದೆವು. ಗೌರಿಯ ಹಿಂದೆ ನಿಂತು ಚಮಚದಿಂದ ಸ್ಟೀಲಿನ ವಾಟಗ ಬಡಿದೆ, ತಿರುಗಲಿಲ್ಲ. ಹೆಸರು ಕರೆದೆ, ಇಲ್ಲ. ಕಾಗದ ಹರಿದೆ, ಇಲ್ಲ. ತಾಟನ್ನು ದಪ್ಪನೆ ನೆಲಕ್ಕೆ ಬಿಟ್ಟಾಗ ತಿರುಗಿದಳು. ತಿರುಗಿ ನನ್ನನ್ನು ಕಂಡು ಬಾಯಿ ತುಂಬ ನಕ್ಕಳು. ಆ ನಗೆಯನ್ನು ನಾನು ಅಷ್ಟು ದಿನ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಗಿರೀಶ ಮಾರ್ಕೆಟ್ಟಿನಿಂದ ಬಂದವರು ಒಪ್ಪಲೇ ಇಲ್ಲ. "ಏನರೇ ಹೇಳಬ್ಯಾಡ. ನಾ ಕರದ್ರ ಓಡಿ ಬರತಾಳಲ್ಲ?"

"ನೀವು ಕರದ್ರ ಕೆಳಗಿನ ಮನಿಯವರೂ ಓಡಿ ಬರತಾರ್ರೀ. ಸಣ್ಣಗ ಕರದು ನೋಡ್ರಿ."

ಅವರಿಗೆ ಸಣ್ಣಗೆ ಕರೆಯಲು ಬರುವುದೇ ಇಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡು, ಮಗಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು, "ಗೌರೀ" ಎಂದರು. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. ಇನ್ನೊಂದು ಸಲ ಕರೆದರು. ಆಮೇಲೆ ತರಕಾರಿ ಚೀಲವನ್ನು ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕಿವಿಯ ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು, ಮರಾಠಿಯವರು. ಅವರ ಕಾಯುವ ಕೋಣೆಯಲ್ಲಿ ಕೂತಿದ್ದವರೆಲ್ಲ ಮುದುಕರು. ಒಂದೇ ಒಂದು ಕೂಸು ನಮ್ಮದು. ಒಬ್ಬ ಅಜ್ಜ ತನ್ನ ಕಿವಿಯ ಮಶೀನು ತೆಗೆದು ಗೌರಿಗೆ ತೋರಿಸಿದರು, ಅವಳು ಅದನ್ನು ಬಾಯಿಗೆ ಹಾಕಲು ಹೋದಳು. ಒಳಗೆ ಡಾಕ್ಟರು ಅವಳ ಕಿವಿಗೆ ಒಂದು ಸಣ್ಣ ಕಡ್ಡಿಯಂಥದ್ದನ್ನು ಇಟ್ಟರು, ಪರದೆಯ ಮೇಲೆ ಗೆರೆ ಬಂತು. ಗುಡ್ಡದ ಹಾಗೆ ಏರಿ ಇಳಿಯಬೇಕಿದ್ದ ಗೆರೆ ಎರಡೂ ಕಿವಿಗೆ ಚಪ್ಪಟೆಯಾಗಿತ್ತು. ಗೆರೆ ಓದುವುದು ನನ್ನ ಕಸುಬು. ಅವರು ಬಾಯಿ ತೆರೆಯುವ ಮುಂಚೆಯೇ ನನಗೆ ಗೊತ್ತಾಯಿತು.

ಸೋಂಕು ಬಂದು ಬಂದು, ಕಿವಿಯ ಪರದೆಯ ಹಿಂದೆ ನೀರು ನಿಂತು ಅಂಟಿನ ಹಾಗಾಗಿದೆ, ನೀರೊಳಗೆ ಮುಳುಗಿದಾಗ ದಂಡೆಯ ಮೇಲಿನವರ ಮಾತು ಹೇಗೆ ಕೇಳುತ್ತದೋ ಇವಳಿಗೆ ಹಾಗೆ ಕೇಳುತ್ತಿದೆ ಎಂದರು. ನೀರಿನಿಂದಷ್ಟೇ ಆಗಿದ್ದರೆ ಸರಿ ಮಾಡಬಹುದು, ಒಳಗಿನ ನರ ಸರಿಯಿದೆಯೇ ಎಂದು ನೋಡಬೇಕು ಎಂದೂ ಹೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ಎದೆಗೆ ನಾಟಿತು. "ದಿನವಿಡೀ ಇವಳ ಜೊತೆ ಮನೆಯಲ್ಲಿ ಯಾರು ಮಾತಾಡುತ್ತಾರೆ?"

ಗಿರೀಶ ನನ್ನ ಕಾಯಿದೆಯ ವಿಷಯ ಹೇಳಿದರು. ಡಾಕ್ಟರು ಬೈಯಲಿಲ್ಲ. ಭಾಷೆ ಎಷ್ಟಾದರೂ ಇರಲಿ, ಎದುರಿಗೆ ಕೂತು ಜೋರಾಗಿ ಮಾತಾಡಿ, ಯಾರೂ ಸುಮ್ಮನಿರಬೇಡಿ ಎಂದು ಮಾತ್ರ ಹೇಳಿದರು.

ಮರುದಿನ ಮಾವಶಿ ಬಂದ ಕೂಡಲೇ ಎಲ್ಲ ಹೇಳಿ, ನನ್ನದು ತಪ್ಪಾಯಿತು ಎಂದೆ. ಅವರು ಗೌರಿಯನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡರು. ಆಮೇಲೆ ತಮ್ಮದೂ ಒಂದು ತಪ್ಪಿದೆ ಎಂದರು. ನಾನು ಬೇಡ ಅಂದಿದ್ದರೂ, ಮಧ್ಯಾಹ್ನ ಮಲಗಿಸುವಾಗ ಅವಳ ಕಿವಿಗೆ ಬಾಯಿ ಹಚ್ಚಿ ದಿನಾ ಹಾಡುತ್ತಿದ್ದರಂತೆ. ಹಾಡದಿದ್ದರೆ ಕೂಸು ಅವರ ಬಾಯಿಯನ್ನು ಹಿಡಿದು ತನ್ನ ಕಿವಿಗೆ ಎಳೆದುಕೊಳ್ಳುತ್ತಿತ್ತಂತೆ. ಆ ಎರಡು ತಿಂಗಳು ಹಗಲು ಹೊತ್ತಿನಲ್ಲಿ ನನ್ನ ಮಗಳಿಗೆ ನೆಟ್ಟಗೆ ಕೇಳಿದ ಧ್ವನಿ ಬಹುಶಃ ಅದೊಂದೇ. ನಾನು ಮಾವಶಿಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ಮಗ ಆತಾ ಬೋಲೂ?" ಎಂದರು ಅವರು, ಹಾಗಾದರೆ ಇನ್ನು ಮಾತಾಡಲೇ ಎಂದು. ಅಲ್ಲಿಂದ ಶುರುವಾದ ಮಾತು ಇವತ್ತಿಗೂ ನಿಂತಿಲ್ಲ.

ನರದ ಪರೀಕ್ಷೆಗೆ ಕೂಸು ಗಾಢ ನಿದ್ದೆಯಲ್ಲಿರಬೇಕು. ಅದಕ್ಕೆ ಬೆಳಿಗ್ಗೆಯಿಂದ ಮಲಗಲು ಬಿಡಬಾರದು. ರಿಕ್ಷಾದಲ್ಲಿ ಅತ್ತೆ ಚಪ್ಪಾಳೆ ತಟ್ಟುತ್ತ, ಗಿರೀಶ ಅಂಗಾಲಿಗೆ ಕಚಗುಳಿ ಇಡುತ್ತ, ನಾನು ಮುಖಕ್ಕೆ ಊದುತ್ತ ಹೋದೆವು. ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ಏನೆಂದುಕೊಂಡನೋ. ಆಸ್ಪತ್ರೆಗೆ ಹೋಗಿ ಮಲಗು ಎಂದರೆ ಅವಳು ಕಣ್ಣರಳಿಸಿ ಕೂತಳು. ಕೊನೆಗೆ ನನ್ನ ಹೆಗಲ ಮೇಲೆ ಮಲಗಿದಳು. ತಲೆಗೆ ತಂತಿ ಅಂಟಿಸಿದ ಆ ಮುಕ್ಕಾಲು ಗಂಟೆ ನಾನು ಹೆಗಲು ಅಲುಗಿಸದೆ ಕೂತಿದ್ದೆ. ಹಡೆಯುವಾಗಲೂ ಅಷ್ಟು ಹೆದರಿರಲಿಲ್ಲ. ನರ ಸರಿಯಿದೆ ಎಂದು ಕಾಗದ ಕೈಗೆ ಬಂದಾಗ ಅತ್ತೆ ನನ್ನ ಬಾಯಿ ನೋಡಿ, "ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು" ಎಂದು ಮೂರು ಸಲ ಹೇಳಿಸಿಕೊಂಡರು.

ನೀರು ತಾನಾಗಿ ಹೋಗುತ್ತದೆಯೇ ಎಂದು ಕೆಲವು ವಾರ ಕಾದು ನೋಡಿದೆವು, ಹೋಗಲಿಲ್ಲ. ಕೊನೆಗೆ ನೀರು ತೆಗೆದು, ಕಿವಿಯ ಪರದೆಯಲ್ಲಿ ಸಾಸಿವೆ ಕಾಳಿನಷ್ಟು ನಳಿಕೆ ಕೂಡಿಸುವುದೆಂದು ನಿಶ್ಚಯವಾಯಿತು. ಬೆಳಿಗ್ಗೆ ಹಸಿದ ಕೂಸನ್ನು ಅರಿವಳಿಕೆ ಡಾಕ್ಟರ ಕೈಗೆ ಕೊಡುವಾಗ ಅವಳು ನನ್ನ ಕುಪ್ಪಸದ ತೋಳನ್ನು ಹಿಡಿದುಕೊಂಡಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹೊರಗೆ ಗಿರೀಶ ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರಿನ ಚೀಟಿ ಓದುತ್ತ ನಿಂತರು. ತಪಾಸಣೆಯ ಮನುಷ್ಯ, ಹೆದರಿದಾಗ ಏನಾದರೂ ತಪಾಸಣೆ ಮಾಡಬೇಕು. ಅರ್ಧ ತಾಸೂ ಆಗಿರಲಿಲ್ಲ, ಒಳಗಿನಿಂದ ಅವಳ ಅಳು ಕೇಳಿತು. ಮಧ್ಯಾಹ್ನ ಮನೆಗೆ ಬಂದು ತವ್ವಿ ಅನ್ನ ಉಂಡಳು.

ಮರುದಿನ ಬೆಳಿಗ್ಗೆ ನಾನು ಚಟ್ನಿಗೆಂದು ಮಿಕ್ಸರ್ ಹಚ್ಚಿದೆ. ಅವಳು ಹುಟ್ಟಿದಾಗಿನಿಂದ ದಿನಾ ಹಚ್ಚುವ ಮಿಕ್ಸರ್. ಗೌರಿ ಕಿವಿ ಎರಡೂ ಮುಚ್ಚಿಕೊಂಡು, ಮುಖ ಕೆಂಪಾಗಿಸಿ, ಅಂಥ ಅಳು ತೆಗೆದಳು. ಗಿರೀಶ ಓಡಿ ಬಂದರು. ಮಿಕ್ಸರ್ ಆರಿಸಿದೆ. ಕೂಸು ಅಳುತ್ತಿದೆ, ನಾವಿಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದೇವೆ. ಅತ್ತೆಗೆ ಏನೂ ಕೇಳದೆ, "ಯಾಕ, ಏನಾತು, ಎಲ್ಲಾರೂ ಯಾಕ ಅಳ್ಳಿಕ್ಕಹತ್ತೀರಿ" ಎಂದು ಕೇಳುತ್ತಲೇ ಇದ್ದರು. ಆ ಚಟ್ನಿ ತರಿತರಿಯಾಗಿಯೇ ಉಳಿಯಿತು, ಹಾಗೇ ತಿಂದೆವು.

ಸೋಮವಾರ ಆಫೀಸಿಗೆ ಹೋದೆ. ಸಂಜೆ ಜಿನೆ ಹತ್ತುವಾಗ ಹೆದರಿಕೆ. ಬಾಗಿಲು ತೆರೆದಿತ್ತು. ಬೆನ್ನು ಹಾಕಿ ಕೂತಿದ್ದಳು. ಚಪ್ಪಲಿ ಬಿಡದೆ, ನನ್ನ ಇರುವೆಗೂ ಕೇಳದ ಧ್ವನಿಯಲ್ಲಿ, "ಗೌರವ್ವಾ" ಎಂದೆ. ತಿರುಗಿದಳು. ಇಷ್ಟು ದಿನ ಎಲ್ಲಿದ್ದಿ ಎನ್ನುವವಳ ಹಾಗೆ ಒಂದು ಕ್ಷಣ ನೋಡಿದಳು, ಆಮೇಲೆ ಎದ್ದು ಬಂದು ನನ್ನ ಮೊಣಕಾಲನ್ನು ತಬ್ಬಿಕೊಂಡಳು. ಸಿಟ್ಟು ಅವಳಲ್ಲಿ ಯಾವತ್ತೂ ಇರಲಿಲ್ಲ.

ಅದಾದ ಮೇಲೆ ಒಂದು ಸಲ ನೆಗಡಿಯಾಗಿ ಕಿವಿ ಸೋರಿತು, ಹನಿ ಔಷಧಕ್ಕೆ ನಿಂತಿತು. ಒಂದು ನಳಿಕೆ ತಾನಾಗಿ ಉದುರಿದೆ, ಡಾಕ್ಟರು ಚಿಂತೆಯಿಲ್ಲ ಎಂದಿದ್ದಾರೆ. ಅವಳ ಮೊದಲ ಮಾತು "ನಕೋ", ಬೇಡ ಎಂದು, ಅಚ್ಚ ಮರಾಠಿಯಲ್ಲಿ. ಮಾವಶಿ ನನ್ನ ಮುಖ ನೋಡಿದರು, ನಾನು ಪೇಢೆ ತರಿಸಿದೆ. ಮೊಮ್ಮಗಳದು ಮುಗಿದ ಮೇಲೆ ಅದೇ ಡಾಕ್ಟರ ಹತ್ತಿರ ಅತ್ತೆಯನ್ನೂ ಕರೆದೊಯ್ದು ಮಶೀನು ಹಾಕಿಸಿದೆವು. ಮೊದಲ ವಾರ ಅವರ ದೂರು ಒಂದೇ. "ಈ ಲತಾ ಇಷ್ಟು ಮಾತಾಡ್ತಾಳಂತ ನನಗ ಗೊತ್ತಿರಲಿಲ್ಲವಾ."

ನಿನ್ನೆ ಸಂಜೆ ಗೌರಿ ಬಾಗಿಲ ಹತ್ತಿರ ಬೆನ್ನು ಹಾಕಿ ಕೂತು, ಚಪಾತಿ ಹರಿದು ಹರಿದು ಅವರಪ್ಪನ ಕಂಪನಿ ಬೂಟಿನೊಳಗೆ ತುಂಬುತ್ತಿದ್ದಳು. "ಗೌರೀ, ಬ್ಯಾಡ" ಎಂದೆ. ತಿರುಗಲಿಲ್ಲ. ಆ ಹಳೆಯ ಹೆದರಿಕೆ ಮತ್ತೆ ಬಂತು. ಇನ್ನೊಂದು ಸಲ, ಇನ್ನೂ ಸಣ್ಣಗೆ ಕರೆದೆ. ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿಗಿಂತ ಎರಡರಷ್ಟು ವೇಗದಲ್ಲಿ ತುಂಬತೊಡಗಿತು.

ದಿವಾನ್ ಮಂಚದ ಮೇಲಿಂದ ಅತ್ತೆ, "ಕೇಳೇದ ಆಕಿಗೆ. ಬೇಕಂತನ ತಿರಗವಲ್ಲಳು" ಎಂದರು.

ನಾನು ಮತ್ತೆ ಕರೆಯಲಿಲ್ಲ. ಉಳಿದ ಚಪಾತಿಯನ್ನೂ ತುಂಬಿ ಮುಗಿಸಲಿ ಎಂದು ಅಲ್ಲೇ ನಿಂತುಕೊಂಡೆ.